ಊಟಕ್ಕೆ ಕೂತವರ ಪರವಾಗಿ

‘ಅಲ್ಗಾನ್‌ಕ್ವಿನ್ ರೌಂಡ್ ಟೇಬಲ್‌ನವರಿಗೆ ನಾಲ್ಕು ಪುಟ ಯಾಕೆ ಕೊಟ್ಟಿರಿ? ದಿನಾ ಹೋಟೆಲಿನಲ್ಲಿ ತಿಂದು, ಹರಟಿ, ಒಬ್ಬರನ್ನೊಬ್ಬರು ಹೊಗಳಿಕೊಂಡವರು. ಅವರಿಂದ ಏನು ಉಳಿಯಿತು?’
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನ್ಯೂಯಾರ್ಕಿನ ಅಲ್ಗಾನ್‌ಕ್ವಿನ್ ಹೋಟೆಲಿನ ದುಂಡು ಮೇಜಿಗೆ ಊಟಕ್ಕೆ ಸೇರುತ್ತಿದ್ದ ಆ ಬರಹಗಾರರ ಕೂಟದಲ್ಲಿ ಹೊಗಳಿಕೆ ಇತ್ತು, ಒಪ್ಪಿದೆ. ಆ ಮೇಜಿನ ಲೇಖಕಿ ಡೊರೊಥಿ ಪಾರ್ಕರ್ ಅವರೇ ಮುಂದೆ ಆ ಕೂಟವನ್ನು ಹಗುರ ಮಾಡಿ ಮಾತಾಡಿದರು. ಸರಿ, ನಿಮ್ಮ ಪಾಲು ಮುಗಿಯಿತು.

ಅದು ಶುರುವಾದದ್ದೇ ಕೀಟಲೆಗೆ. 1919ರ ಜೂನ್. ಯುದ್ಧದಿಂದ ಮರಳಿದ ನಾಟಕ ವಿಮರ್ಶಕ ಅಲೆಕ್ಸಾಂಡರ್ ವುಲ್ಕಾಟ್ ಕಂಡಕಂಡವರಿಗೆಲ್ಲ ಯುದ್ಧದ ಕಥೆ ಕೊರೆಯುತ್ತಿದ್ದರು. ಅವರ ಕಾಲೆಳೆಯಲು ಪರಿಚಿತರು ನ್ಯೂಯಾರ್ಕಿನ 44ನೇ ಬೀದಿಯ ಆ ಹೋಟೆಲಿಗೆ ಒಂದಿಷ್ಟು ಜನರನ್ನು ಊಟಕ್ಕೆ ಕರೆದರು. ಮುಜುಗರವಾಗಬೇಕಿದ್ದ ವುಲ್ಕಾಟ್‌ಗೆ ಖುಷಿಯೋ ಖುಷಿ! ಊಟ ವರ್ಷಗಟ್ಟಲೆ ನಡೆಯಿತು. ಮ್ಯಾನೇಜರ್ ಫ್ರಾಂಕ್ ಕೇಸ್ ಜಾಣ. ದುಂಡು ಮೇಜು ಹಾಕಿಸಿ, ಸೆಲರಿ ದಂಟು, ಬಿಸಿ ಪಾಪೋವರ್ (ಉಬ್ಬಿದ ಬನ್ನಿನಂಥ ತಿನಿಸು) ಬಿಟ್ಟಿ ಕೊಟ್ಟರು.

ಪಾರ್ಕರ್ ಬರೆದ ನಾಟಕ ವಿಮರ್ಶೆಗಳು ದೊಡ್ಡವರಿಗೆ ಚುಚ್ಚಿದವು. 1920ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ ಅವರನ್ನು ಕೆಲಸದಿಂದ ತೆಗೆಯಿತು. ಜೊತೆಗೆ ಉಣ್ಣುತ್ತಿದ್ದ ರಾಬರ್ಟ್ ಬೆಂಚ್ಲಿ ಅದೇ ಪತ್ರಿಕೆಯ ವ್ಯವಸ್ಥಾಪಕ ಸಂಪಾದಕ. ಮನೆಯಲ್ಲಿ ಹೆಂಡತಿ, ಎರಡು ಪುಟ್ಟ ಮಕ್ಕಳು. ಆದರೂ ರಾಜೀನಾಮೆ ಬಿಸಾಕಿ ಹೊರಬಂದರು. ಸುಮ್ನೆ ಹರಟುವವರು ಹೀಗೆ ಮಾಡ್ತಾರಾ, ಹೇಳಿ?

ಏನು ಉಳಿಯಿತು ಅಂದಿರಿ. ಅದೇ ಮೇಜಿನ ಹೆರಾಲ್ಡ್ ರಾಸ್ 1925ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಶುರು ಮಾಡಿದರು. ಬಂಡವಾಳ ಹಾಕಿದ ಯೀಸ್ಟ್ ವ್ಯಾಪಾರದ ಮನೆತನದವರು ಸಿಕ್ಕಿದ್ದು ಇದೇ ಗುಂಪಿನ ಇಸ್ಪೀಟಾಟದಲ್ಲಿ. ಮೊದಮೊದಲು ಕಚೇರಿಯಲ್ಲಿ ಬಡತನ. ‘ಬರೆಯೋಕೆ ಯಾಕೆ ಬರಲಿಲ್ಲ?’ ಎಂದು ರಾಸ್ ಕೇಳಿದರೆ, ‘ಪೆನ್ಸಿಲ್ ಬೇರೆಯವರ ಕೈಲಿತ್ತು’ ಎಂದರಂತೆ ಪಾರ್ಕರ್. ಪತ್ರಿಕೆ ಈಗಲೂ ಬರುತ್ತಿದೆ. ನಮ್ಮ ಪತ್ರಿಕೆಯ ಕಾಗದದ ಬಿಲ್ಲು ನೋಡುವಾಗೆಲ್ಲ ನನಗೆ ಆ ಪೆನ್ಸಿಲ್ ನೆನಪಾಗುತ್ತದೆ.

ಅವರು ಹೊಗಳಿದ್ದಕ್ಕಿಂತ ಕಚ್ಚಿದ್ದೇ ಜಾಸ್ತಿ, ಅದೂ ಮುಖದೆದುರೇ. ನನ್ನ ಹೊಟ್ಟೆಕಿಚ್ಚು ಅಲ್ಲೇ ಇರೋದು. ನಮ್ಮ ಕಚೇರಿಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕಂಪ್ಯೂಟರ್ ನೋಡುತ್ತಾ ಉಣ್ಣುತ್ತಾರೆ. ದರ್ಶಿನಿಯಲ್ಲಿ ನಿಂತೇ ತಿನ್ನಬೇಕು. ನಿಂತವನಿಗೆ ಎಂಥ ಹರಟೆ? ಕೂರುವ ಹೋಟೆಲಾದರೆ ಬೈಟು ಕಾಫಿ ಆರುವ ಮುಂಚೆ ಬಿಲ್ಲು ಬರುತ್ತದೆ. ‘ವಾಟ್ಸಾಪ್ ಗ್ರೂಪ್ ಇದೆಯಲ್ಲ ಸರ್’ ಎಂದ ಒಬ್ಬ ಹುಡುಗ. ಇದೆ. ಕಥೆ ಹಾಕಿದ ಕೂಡಲೇ ಸಾಲುಸಾಲು ಹೆಬ್ಬೆರಳು. ‘ಈ ಕೊನೆ ಕೆಟ್ಟಿದೆ ಮಾರಾಯ’ ಅನ್ನೋರು ಒಬ್ಬರೂ ಇಲ್ಲ.

ನೀವು ಅಂದಿರಿ. ಈ ಕಡೆ ಬಂದರೆ ಹೇಳಿ, ಊಟಕ್ಕೆ ಕೂರೋಣ.