ಬಿಸಿಲು ಬಂದಿದೆ, ಮಂಜುಗಡ್ಡೆ ಹೋಗಿಲ್ಲ: ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಳಿಗಾಲ ಮುಗಿಯುತ್ತಾ ಬಂತು, ಮಧ್ಯಾಹ್ನ 10 ಡಿಗ್ರಿ ದಾಟುತ್ತಿದೆ. ಮೊನ್ನೆ ಬೆಳಿಗ್ಗೆ ಹೊರಟಾಗ ಬೈಕಿನ ಮೀಟರಿನಲ್ಲಿ 3 ಡಿಗ್ರಿ ಇತ್ತು. ಆದರೂ ಸೇತುವೆ ಮೇಲೆ ಹಿಂದಿನ ಚಕ್ರ ಸರ್ರನೆ ಪಕ್ಕಕ್ಕೆ ಹೋಯಿತು. ಸೊನ್ನೆಗಿಂತ ಮೇಲಿದ್ದರೂ ನೀರು ಹೆಪ್ಪುಗಟ್ಟುತ್ತದೆಯೇ?

ಉತ್ತರ: ಮೀಟರು ತೋರಿಸುವುದು ಗಾಳಿಯ ಉಷ್ಣಾಂಶ, ರಸ್ತೆಯದಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಡಾಂಬರು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚೇ ತಣ್ಣಗಾಗುತ್ತದೆ. ಮೀಟರಿನಲ್ಲಿ 3 ಇದ್ದರೂ ರಸ್ತೆಯ ಮೈ ಸೊನ್ನೆಗಿಂತ ಕೆಳಗಿರಬಹುದು. ಸೇತುವೆಗಂತೂ ಮೇಲೆಯೂ ಗಾಳಿ, ಕೆಳಗೆಯೂ ಗಾಳಿ. ನೆಲದ ಬಿಸಿ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಆಚೀಚೆಯ ರಸ್ತೆ ಚೆನ್ನಾಗಿದ್ದಾಗಲೂ ಸೇತುವೆ ಮಾತ್ರ ಹೆಪ್ಪುಗಟ್ಟಿರುತ್ತದೆ. ಮೀಟರು 4 ಡಿಗ್ರಿಗೆ ಇಳಿದರೆ ದಾರಿಯಲ್ಲಿ ಎಲ್ಲೋ ಮಂಜುಗಡ್ಡೆ ಇದೆ ಎಂದೇ ಲೆಕ್ಕ ಹಾಕಿ.

ವಸಂತದ ಆರಂಭ ನಡುಚಳಿಗಾಲಕ್ಕಿಂತ ಮೋಸದ ಕಾಲ. ನಡುಚಳಿಗಾಲದಲ್ಲಿ ಎಲ್ಲೆಡೆ ಬೆಳ್ಳಗೆ ಕಾಣುತ್ತದೆ, ಸವಾರನೂ ಎಚ್ಚರವಾಗಿರುತ್ತಾನೆ. ಈಗ ಹಾಗಲ್ಲ. ರಸ್ತೆಯಂಚಿಗೆ ತಳ್ಳಿದ ಹಿಮದ ರಾಶಿ ಮಧ್ಯಾಹ್ನ ಕರಗಿ, ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ನೀರು ತೆಳ್ಳಗೆ ಗಾಜಿನಂತೆ ಕೂರುತ್ತದೆ. ಒಂದು ಕಡೆಗೆ ಓರೆಯಾಗಿರುವ ತಿರುವುಗಳಲ್ಲಿ ಈ ನೀರು ಎತ್ತರದ ಅಂಚಿನಿಂದ ತಗ್ಗಿನ ಅಂಚಿಗೆ, ಸರಿಯಾಗಿ ನೀವು ಬೈಕ್ ವಾಲಿಸುವ ಜಾಗದಲ್ಲೇ ಹಾದುಹೋಗುತ್ತದೆ. ಇದು ದಿನವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಆಗುವುದರಿಂದ ಒಂದು ಅನುಕೂಲವೂ ಇದೆ: ಮಧ್ಯಾಹ್ನ ವಾಪಸು ಬರುವಾಗ ಎಲ್ಲೆಲ್ಲಿ ನೀರು ಹರಿಯುತ್ತಿದೆ ಎಂದು ನೋಡಿಟ್ಟುಕೊಂಡರೆ ಮರುದಿನ ಬೆಳಗಿನ ನಕಾಶೆ ನಿಮ್ಮ ಕೈಯಲ್ಲಿರುತ್ತದೆ.

ಕಣ್ಣಿಗೆ ಇದು ಮಂಜುಗಡ್ಡೆಯಂತೆ ಕಾಣುವುದಿಲ್ಲ, ಒದ್ದೆ ಡಾಂಬರಿನಂತೆ ಕಾಣುತ್ತದೆ. ಮುಂದಿನ ಕಾರಿನ ಚಕ್ರ ನೋಡಿ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದೂ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಎಂದರೆ ಅದು ನೀರಲ್ಲ. ಟೈರಿನ ಸದ್ದು ಥಟ್ಟನೆ ಕಡಿಮೆಯಾಗಿ, ಹ್ಯಾಂಡಲ್ ಹಗುರವಾದಂತೆ ಅನ್ನಿಸಿದರೆ ನೀವು ಆಗಲೇ ಅದರ ಮೇಲಿದ್ದೀರಿ. ಅತಿ ಹೆಚ್ಚು ತಂಪಿರುವುದು ಸೂರ್ಯೋದಯದ ಆಸುಪಾಸಿನಲ್ಲಿ. ಸಾಧ್ಯವಿದ್ದರೆ ಬೆಳಿಗ್ಗೆ 10ರ ನಂತರ ಹೊರಟು ಮಧ್ಯಾಹ್ನ 4ರೊಳಗೆ ಮನೆ ಸೇರಿ. ಗೋಡೆ, ಮರಗಳ ಸಾಲಿನ ನೆರಳಿನ ಜಾಗಗಳಿಗೆ ಮಾತ್ರ ಈ ಗಡಿಯಾರ ಅನ್ವಯಿಸದು. ಅಲ್ಲಿ ದಿನವಿಡೀ ಗಡ್ಡೆ ಉಳಿಯಬಹುದು.

ಪ್ರಶ್ನೆ: ನನ್ನ ಬೈಕಿಗೆ ಎಬಿಎಸ್ ಇದೆ. ಹಾಗಾದರೆ ಜಾರುವ ಭಯವಿಲ್ಲ ಅಲ್ಲವೇ?

ಉತ್ತರ: ಇದೆ. ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಒಣ ಡಾಂಬರಿನಲ್ಲಿ ಟೈರಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7, ಮಂಜುಗಡ್ಡೆಯ ಮೇಲೆ ಅದು 0.1ರ ಆಸುಪಾಸು. ಸೊನ್ನೆ ಡಿಗ್ರಿಯ ಹತ್ತಿರ ಗಡ್ಡೆಯ ಮೇಲೆ ನೀರಿನ ಪದರ ನಿಂತರೆ ಇನ್ನೂ ಕಡಿಮೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ರಸ್ತೆಯಲ್ಲಿ 9 ಮೀಟರಿನಲ್ಲಿ ನಿಲ್ಲುವ ಬೈಕು ಮಂಜುಗಡ್ಡೆಯ ಮೇಲೆ 63 ಮೀಟರು ಹೋಗುತ್ತದೆ. ಬ್ರೇಕ್ ಹಿಡಿಯಬೇಕೆಂದು ಹೊಳೆಯುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 11 ಮೀಟರು ಬೇರೆ. ವೇಗ 20 ಇದ್ದರೆ ಆ 63 ಮೀಟರು 16ಕ್ಕೆ ಇಳಿಯುತ್ತದೆ. ಎಬಿಎಸ್‌ಗಿಂತ ದೊಡ್ಡ ರಕ್ಷಣೆ ಈ ಲೆಕ್ಕದಲ್ಲೇ ಇದೆ.

ತಿರುವಿನಲ್ಲೂ ಇದೇ ಕಥೆ. ಘರ್ಷಣಾಂಕ 0.1 ಎಂದರೆ ಸಮತಟ್ಟಾದ ರಸ್ತೆಯಲ್ಲಿ ಬೈಕು 6 ಡಿಗ್ರಿಯಷ್ಟು ವಾಲಿದರೂ ಟೈರು ಕೈಬಿಡುತ್ತದೆ. 6 ಡಿಗ್ರಿ ಎಂದರೆ ವಾಲಿದೆ ಎಂದು ನಿಮಗೆ ಗೊತ್ತೇ ಆಗದಷ್ಟು. ಬ್ರೇಕ್, ಗೇರು ಬದಲಾವಣೆ ಎಲ್ಲವನ್ನೂ ಒಣ ರಸ್ತೆಯಲ್ಲಿರುವಾಗಲೇ ಮುಗಿಸಿಕೊಂಡು ನೆರಳಿಗೆ ಅಥವಾ ಸೇತುವೆಗೆ ಹೋಗಿ. ಗಡ್ಡೆಯ ಮೇಲೆ ಹೋದಮೇಲೆ ಮಾಡುವಂಥದ್ದು ಬಹಳ ಉಳಿದಿರುವುದಿಲ್ಲ.

ಪ್ರಶ್ನೆ: ಗೊತ್ತಾಗುವಷ್ಟರಲ್ಲಿ ಗಡ್ಡೆಯ ಮೇಲೆ ಇದ್ದೇನೆ ಎಂದುಕೊಳ್ಳಿ. ಆಗ ಏನು ಮಾಡಬೇಕು?

ಉತ್ತರ: ಆದಷ್ಟೂ ಏನೂ ಮಾಡಬೇಡಿ. ಮುಂದಿನ ಬ್ರೇಕಿನಿಂದ ಬೆರಳು ತೆಗೆಯಿರಿ. ಹಿಂದಿನ ಚಕ್ರ ಜಾರಿದರೆ ಸರಿಪಡಿಸಲು ಒಂದಿಷ್ಟು ಅವಕಾಶವಿದೆ, ಮುಂದಿನದು ಜಾರಿದರೆ ಇಲ್ಲವೆಂದೇ ಹೇಳಬೇಕು. ಆಕ್ಸಿಲರೇಟರನ್ನು ಫಟ್ಟನೆ ಬಿಡುವುದೂ ತಪ್ಪು, ಏಕೆಂದರೆ ಎಂಜಿನ್ನಿನ ಎಳೆತವೇ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕಿದಂತಾಗುತ್ತದೆ. ದೊಡ್ಡ ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಇದು ಜೋರು. ಗಡ್ಡೆಯ ತುಂಡು ಚಿಕ್ಕದಾಗಿದ್ದು ಬೈಕು ನೇರವಾಗಿದ್ದರೆ ಆಕ್ಸಿಲರೇಟರ್ ಇದ್ದಷ್ಟೇ ಇಟ್ಟು ದಾಟಿ. ಹಿಂಭಾಗ ಪಕ್ಕಕ್ಕೆ ಸರಿಯಲು ಶುರುವಾದರೆ ಕ್ಲಚ್ ಹಿಡಿಯಿರಿ, ಚಕ್ರ ತನ್ನಷ್ಟಕ್ಕೆ ಉರುಳಲಿ. ದೃಷ್ಟಿ ದೂರದ ಒಣ ಜಾಗದ ಮೇಲಿರಲಿ, ಮೊಣಕೈ ಸಡಿಲವಾಗಿರಲಿ.

ಕಾಲು ಕೆಳಗಿಡಬೇಕೋ ಬೇಡವೋ ಎನ್ನುವ ವಾದ ಸವಾರರಲ್ಲಿ ಮುಗಿಯುವುದೇ ಇಲ್ಲ. ನಮ್ಮ ಮಟ್ಟಿಗೆ, ನಡಿಗೆಯ ವೇಗದಲ್ಲಿದ್ದರೆ ಎರಡೂ ಕಾಲು ಇಳಿಬಿಟ್ಟು ಮೊದಲ ಅಥವಾ ಎರಡನೇ ಗೇರಿನಲ್ಲಿ ತೆವಳಿ. ಅದಕ್ಕಿಂತ ಜೋರಿದ್ದರೆ ಕಾಲು ಫುಟ್‌ರೆಸ್ಟ್ ಮೇಲೇ ಇರಲಿ. ಬೈಕು ಬೀಳುವಾಗ ಅಡಿಗೆ ಸಿಕ್ಕಿದ ಪಾದ ಮುರಿಯುವುದೇ ಹೆಚ್ಚು. ನಿಂತಲ್ಲಿಂದ ಹೊರಡಲು ಎರಡನೇ ಗೇರು ಒಳ್ಳೆಯದು, ಚಕ್ರಕ್ಕೆ ಬಲ ಕಡಿಮೆ ಹೋಗಿ ಸುಮ್ಮನೆ ಸುತ್ತುವುದು ತಪ್ಪುತ್ತದೆ. ಬಿದ್ದೇಬಿಟ್ಟರೆ ಬೈಕನ್ನು ಎತ್ತಲು ಹೋಗಬೇಡಿ. ಮೊದಲು ರಸ್ತೆಯಾಚೆ ಹೋಗಿ: ನಿಮ್ಮನ್ನು ಬೀಳಿಸಿದ ಗಡ್ಡೆ ಹಿಂದೆ ಬರುವ ಕಾರಿಗೂ ಅಲ್ಲೇ ಕಾದಿರುತ್ತದೆ.

ಪ್ರಶ್ನೆ: ಟೈರಿನ ಗಾಳಿ 5 ಪಿಎಸ್‌ಐ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಮರಳು, ಕೆಸರಿನಲ್ಲಿ ನಿಜ. ಡಾಂಬರಿನ ಮೇಲಿನ ತೆಳು ಗಡ್ಡೆಗೆ ಅದರಿಂದ ಪ್ರಯೋಜನವಿಲ್ಲ. ಗಡ್ಡೆ ದಾಟಿದ ಮೇಲಿನ ಒಣ ರಸ್ತೆಯಲ್ಲಿ ಬೈಕು ತೇಲಾಡುತ್ತದೆ, ಅಷ್ಟೇ. ಅಲ್ಲದೆ ಚಳಿಯೇ ಗಾಳಿಯನ್ನು ಇಳಿಸುತ್ತದೆ: ಉಷ್ಣಾಂಶ 5–6 ಡಿಗ್ರಿ ಕುಸಿದರೆ ಸುಮಾರು 1 ಪಿಎಸ್‌ಐ ಕಡಿಮೆ. ಬೈಕು ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಅಳೆದು ಕಂಪನಿ ಹೇಳಿದಷ್ಟೇ ತುಂಬಿ. ಬೇಸಿಗೆಗೆಂದೇ ಮಾಡಿದ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ. ಚಳಿಗಾಲದ ಟೈರು ಬೇಕಿದ್ದರೆ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತಿದೆಯೇ ನೋಡಿ. ಮೊಳೆ ಟೈರಿಗೆ ಹಲವು ದೇಶಗಳಲ್ಲಿ ಕಾನೂನಿನ ಮಿತಿಗಳಿವೆ. ಹಾಕಿಸುವ ಮೊದಲು ವಿಚಾರಿಸಿ.

ಪ್ರಶ್ನೆ: ರಸ್ತೆಗೆ ಉಪ್ಪು, ಮರಳು ಹಾಕಿದ ಮೇಲೆ ನಿಶ್ಚಿಂತೆಯಿಂದ ಓಡಿಸಬಹುದೇ?

ಉತ್ತರ: ಸಾಧಾರಣ ಉಪ್ಪು ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಗಡ್ಡೆ ಕರಗಿ ಹೋದರೂ ಒಣಗಿದ ಮರಳು ವಾರಗಟ್ಟಲೆ ಉಳಿಯುತ್ತದೆ. ಕಾರುಗಳ ಚಕ್ರ ಅದನ್ನು ಲೇನಿನ ನಡುವಿಗೆ, ತಿರುವಿನ ಅಂಚಿಗೆ, ಸಿಗ್ನಲ್ ಮುಂದಕ್ಕೆ ಗುಡಿಸಿ ಇಟ್ಟಿರುತ್ತದೆ. ಕಾರಿನ ಚಕ್ರ ಓಡುವ ಪಟ್ಟಿಯಲ್ಲೇ ಹೋಗಿ.

ಉಪ್ಪುನೀರು ಬೈಕಿಗೆ ಅಂಟಿದ್ದರೆ ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರು ತುಕ್ಕನ್ನು ಚುರುಕುಗೊಳಿಸುತ್ತದೆ. ಹೈ ಪ್ರೆಶರ್ ಪೈಪನ್ನು ಬೇರಿಂಗಿಗೆ, ಚೈನಿಗೆ ಹಿಡಿಯಬೇಡಿ. ಚೈನು ಒಣಗಿದ ಮೇಲೆ ಲ್ಯೂಬ್ ಹಾಕಿ. ಬಹಳ ಜನ ತಪ್ಪುವುದು ಸಮಯದಲ್ಲಿ: ಸಂಜೆ ತೊಳೆದು ಹೊರಗೆ ನಿಲ್ಲಿಸಿದರೆ ಕೇಬಲ್ಲಿನೊಳಗಿನ ನೀರು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಆಕ್ಸಿಲರೇಟರ್ ತಿರುಗಿಸಿದಲ್ಲೇ ನಿಲ್ಲಬಹುದು. ಎಂಜಿನ್ ಚಾಲೂ ಮಾಡುವ ಮೊದಲು ಒಮ್ಮೆ ತಿರುಗಿಸಿ ಬಿಡಿ. ಟಕ್ಕೆಂದು ವಾಪಸು ಬರಬೇಕು. ಹೊರಟ ಮೇಲೆ ಒಣ ಜಾಗದಲ್ಲಿ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಡಿಸ್ಕಿನ ಮೇಲಿನ ಉಪ್ಪಿನ ಪದರ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಮೊದಲ ಬ್ರೇಕಿಗೆ ಏನೂ ಆಗದೆ, ಆಮೇಲೆ ಒಮ್ಮೆಲೇ ಕಚ್ಚುತ್ತದೆ.

ಪ್ರಶ್ನೆ: ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟುತ್ತದೆ. ಎರಡು ಜೊತೆ ಗ್ಲೌಸು ಹಾಕಿದರೂ ಹಾಗೇ.

ಉತ್ತರ: ಬಹುಶಃ ಎರಡು ಜೊತೆ ಹಾಕಿದ್ದಕ್ಕೇ ಇರಬಹುದು. ಬಿಗಿಯಾದರೆ ರಕ್ತ ಬೆರಳತುದಿಗೆ ಹೋಗುವುದಿಲ್ಲ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 80 ಕಿ.ಮೀ. ಓಡಿದರೆ ಚರ್ಮಕ್ಕೆ ತಟ್ಟುವುದು ಮೈನಸ್ 3 ಡಿಗ್ರಿಯ ಚಳಿ. ಗಾಳಿ ತಡೆಯುವ ಒಂದೇ ದಪ್ಪ ಗ್ಲೌಸು, ಹ್ಯಾಂಡಲಿಗೆ ಹೊದಿಸುವ ಮಫ್, ಜೊತೆಗೆ ಬಿಸಿಯಾಗುವ ಗ್ರಿಪ್ ಇದ್ದರೆ ಸಾಕು. ಎದೆ, ಕತ್ತು ಬೆಚ್ಚಗಿಡಿ; ಮೈ ತಣ್ಣಗಾದಾಗ ದೇಹ ಮೊದಲು ರಕ್ತ ಹಿಂತೆಗೆಯುವುದು ಕೈಕಾಲಿನಿಂದ. ಹೆಬ್ಬೆರಳಿಂದ ಕಿರುಬೆರಳನ್ನು ಮುಟ್ಟಲು ಒದ್ದಾಡುವಂತಾದರೆ ಬ್ರೇಕ್ ಎಷ್ಟು ಒತ್ತುತ್ತಿದ್ದೀರಿ ಎನ್ನುವುದೂ ನಿಮಗೆ ತಿಳಿಯುತ್ತಿಲ್ಲ ಎಂದರ್ಥ. ಆಗ ಗಾಡಿ ನಿಲ್ಲಿಸಿ, ಬೆರಳು ಚುರುಚುರು ಎಂದು ಜೀವ ಬರುವವರೆಗೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ.