ನಿನ್ನೆ ಹಾಕಿಸಿದ ಮೋಲ್ಡ್‌ನಲ್ಲಿ ಇವತ್ತೇ ಬಿರುಕು: ಸಿಮೆಂಟ್ ಹಾಲು ಸಾಕಾ, ಒಡೆಸಬೇಕಾ?

ಕೋಲಾರದಲ್ಲಿ ಶನಿವಾರ ಮನೆಯ ಚಾವಣಿಗೆ ಕಾಂಕ್ರೀಟ್ ಮೋಲ್ಡ್ ಹಾಕಿಸಿದ್ದೀರಿ, ಭಾನುವಾರ ಬೆಳಿಗ್ಗೆ ಹತ್ತಿ ನೋಡಿದರೆ ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಮೇಸ್ತ್ರಿ ‘ಸಿಮೆಂಟ್ ಹಾಲು (ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಸುರಿದರೆ ಮುಚ್ಚಿಹೋಗುತ್ತೆ’ ಅಂತಾರೆ, ನಿಮ್ಮ ಭಾವ ‘ಒಡೆಸಿ ಹೊಸದಾಗಿ ಹಾಕಿಸು’ ಅಂತಾರೆ. ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಮೇಲೆ ನೀರು ಕಟ್ಟಿಸಿ, ಆಮೇಲೆ ಬಂದು ಇದನ್ನು ಓದಿ.

ನಾನು ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆ ಕಟ್ಟಿಸಿಕೊಡುವವನು. ಬೇರೆಯವರ ಕಥೆ ಯಾಕೆ, ನನ್ನ ಮನೆಯದೇ ಹೇಳುತ್ತೇನೆ. ಒಂದು ವರ್ಷ ಯುಗಾದಿ ಮುಗಿದ ಮರುವಾರ. ಬೆಳಿಗ್ಗೆ ಏಳಕ್ಕೆಲ್ಲ ಕಾಂಕ್ರೀಟ್ ಕಲಸುವ ಮಿಲ್ಲರ್ ಶುರುವಾಯಿತು, ಮಧ್ಯಾಹ್ನ ಎರಡಕ್ಕೆ ಕೊನೆಯ ಬಾಂಡ್ಲಿ ಬಿತ್ತು. ಕೆಲಸದವರಿಗೆಲ್ಲ ಬಿರಿಯಾನಿ ಮಾಡಿಸಿದ್ದೆ, ಇಳಿದು ಊಟಕ್ಕೆ ಕೂತೆವು. ಸುತ್ತ ಒಂದು ಮರವಿಲ್ಲದ ಬಯಲು, ಮೇಲೆ ಬಿಸಿಲು, ಒಣ ಗಾಳಿ. ಮುಕ್ಕಾಲು ಗಂಟೆ ಬಿಟ್ಟು ಹತ್ತಿದರೆ ಕಾಂಕ್ರೀಟಿನ ಮೇಲಿನ ನೀರಿನ ಹೊಳಪು ಪೂರ್ತಿ ಆರಿತ್ತು. ಗಾಳಿ ಹೊಡೆಯುವ ಮೂಲೆಯಲ್ಲಿ ಗೇಣುದ್ದದ ನಾಲ್ಕೈದು ಗೆರೆ, ಬೇಸಿಗೆಯ ಕೆರೆಯಂಗಳದ ಹಾಗೆ. ಕರಣೆಯ ತುದಿ ಒತ್ತಿದರೆ ಇನ್ನೂ ಇಳಿಯುತ್ತಿತ್ತು. ಆಗಲೇ ಮರದ ಹಲಗೆಯಲ್ಲಿ ಒತ್ತಿ ಉಜ್ಜಿಸಿದ್ದರೆ ಗೆರೆಗಳು ಕೂಡಿಕೊಳ್ಳುತ್ತಿದ್ದವು. ಹುಡುಗರು ಸಾಮಾನು ತೊಳೆದಿಟ್ಟಿದ್ದರು. ನಾನೂ ‘ಇರಲಿ ಬಿಡ್ರೋ’ ಅಂದುಬಿಟ್ಟೆ. ಕಂಟ್ರಾಕ್ಟರ್ ಮನೆಗೇ ಬಿರುಕು ಅಂತ ನಮ್ಮತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಆಗುವುದಿಷ್ಟೇ. ಹಸಿ ಕಾಂಕ್ರೀಟಿನಿಂದ ನೀರು ನಿಧಾನಕ್ಕೆ ಮೇಲೆ ಒಸರುತ್ತದೆ. ಒಸರುವುದಕ್ಕಿಂತ ಬೇಗ ಬಿಸಿಲು ಗಾಳಿ ಅದನ್ನು ಎಳೆದುಕೊಂಡರೆ ಮೇಲ್ಪದರ ಕುಗ್ಗುತ್ತದೆ, ಕೆಳಗಿನದು ಕುಗ್ಗುವುದಿಲ್ಲ, ಇನ್ನೂ ಗಟ್ಟಿಯಾಗದ ಮೈ ಸೀಳುತ್ತದೆ. ಇದಕ್ಕೆ ಸಿಮೆಂಟ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಈಗ ನಿಮ್ಮ ಬಿರುಕು ಯಾವ ಜಾತಿಯದು ನೋಡಿ. ಅಡ್ಡಾದಿಡ್ಡಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದರೆ ನಾನು ಹೇಳಿದ್ದೇ. ಗೆರೆ ನೇರವಾಗಿ, ಆರಿಂಚಿಗೊಂದರಂತೆ ಕಂಬಿ ಕಟ್ಟಿದ ಲೆಕ್ಕದಲ್ಲೇ ಹೋಗಿದ್ದರೆ ಬೇರೆ ಕಥೆ: ಕಾಂಕ್ರೀಟ್ ತೆಳುವಾಗಿ, ಅಂಬಲಿಯಂತೆ ಇದ್ದು, ಅದನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಆಡದೆ, ಕಂಬಿಯ ಎರಡೂ ಪಕ್ಕ ಕುಸಿದಿದೆ. ಕಂಬಿಯ ಮೇಲೆ ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಕಮ್ಮಿಯಿದ್ದರೆ ಇದು ಇನ್ನೂ ಜಾಸ್ತಿ. ಸೀಳು ಕಂಬಿಯ ನೆತ್ತಿಯ ಮೇಲೇ ಇರುವುದರಿಂದ ನೀರು ಇಳಿದು ತುಕ್ಕು ಹಿಡಿಯುತ್ತದೆ. ಹಾಗೇ ಬಿಡಬಾರದು.

ನಿಜವಾಗಿ ಹೆದರಬೇಕಾದದ್ದು ಬಾಲ್ಕನಿ, ಸಜ್ಜದ ಬುಡದಲ್ಲಿ ಗೋಡೆಗುಂಟ ಬಿದ್ದ ಗೆರೆಗೆ. ಹೊರಗೆ ಚಾಚಿದ ಭಾಗಕ್ಕೆ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಕಾಂಕ್ರೀಟ್ ಎಳೆಯುವವರು ಅದರ ಮೇಲೇ ಓಡಾಡಿ ತುಳಿದು ಕೆಳಗಿಳಿಸಿರುತ್ತಾರೆ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಥ ಗೆರೆ ಕಂಡರೆ ಕೆಳಗೆ ಆಸರೆ ಕೊಟ್ಟಿರುವ ನೀಲಗಿರಿ ಕಂಬಗಳನ್ನು ಮುಟ್ಟಬೇಡಿ, ಯಾರು ಕೇಳಿದರೂ ಕೊಡಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡುವ ತನಕ ಅವು ಅಲ್ಲೇ ಇರಲಿ. ಸೆಂಟ್ರಿಂಗ್ (ಕೆಳಗೆ ಕೊಟ್ಟ ಹಲಗೆ, ಕಂಬ) ಬಿಚ್ಚಿದ ಮೇಲೆ ಕೋಣೆಯ ನಡುಮಧ್ಯೆ ಅಡಿಯಲ್ಲಿ ಬರುವ ಬಿರುಕು, ಬೀಮಿನ ತುದಿಯಲ್ಲಿ ಓರೆಯಾಗಿ ಬರುವ ಬಿರುಕು, ಇವಕ್ಕೂ ಇದೇ ಮಾತು.

ಅಗಲ ಅಳೆಯಲು ಉಪಕರಣ ಬೇಡ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಮೂರು ಹಾಳೆ ಒಟ್ಟಿಗೆ ಸಲೀಸಾಗಿ ತೂರಿದರೆ ನಿಮ್ಮದು 0.3 ಮಿ.ಮೀ. ದಾಟಿದೆ ಅಂದುಕೊಳ್ಳಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಕೋಡ್ ಸಾಮಾನ್ಯ ಸಂದರ್ಭಕ್ಕೆ ಇಟ್ಟಿರುವ ಮಿತಿ ಅದೇ. ಪ್ರತಿ ಗೆರೆಯ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಖು ಬರೆಯಿರಿ.

ಸಿಮೆಂಟ್ ಹಾಲಿನ ವಿಷಯ. ಕೂದಲೆಳೆ ಸೀಳಿನೊಳಗೆ ಸಿಮೆಂಟ್ ಕಣ ಇಳಿಯುವುದು ಅಷ್ಟಕ್ಕಷ್ಟೇ, ಮೇಲೆ ಒಂದು ಪೊರೆ ಕೂರುತ್ತದೆ, ಒಂದು ಬೇಸಿಗೆಗೆ ಹಪ್ಪಳದಂತೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ನೋಡಲು ಆಗದಂತೆ ಮುಚ್ಚಿಬಿಡುತ್ತದೆ. ಕ್ಯೂರಿಂಗ್ (ನೀರು ನಿಲ್ಲಿಸಿ ಕಾಂಕ್ರೀಟ್ ಗಟ್ಟಿಯಾಗಲು ಬಿಡುವುದು) ಮುಗಿದು ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಿ, ಧೂಳು ಊದಿ, ಪಾಲಿಮರ್ ಸೇರಿಸಿದ ಸಿಮೆಂಟ್ ತುಂಬಿಸಿ. ಅಗಲವಾದದ್ದು ಅಥವಾ ಕೆಳಗಿನ ತನಕ ಹೋದದ್ದಾದರೆ (ತೆಳು ಮೋಲ್ಡ್‌ನಲ್ಲಿ ಹೋಗುವುದುಂಟು) ನೀರಿನಂತೆ ತೆಳುವಾದ ಎಪಾಕ್ಸಿ ಅಂಟನ್ನು ಪಂಪಿನಿಂದ ಒತ್ತಿಸಬೇಕು. ಅದು ಗಾರೆ ಕೆಲಸದವರ ಕೈಯಲ್ಲಿ ಆಗುವಂಥದ್ದಲ್ಲ.

ಒಡೆಸುವ ಮಾತು ಎಂಜಿನಿಯರ್ ಬಾಯಿಂದ ಬಂದರೆ ಮಾತ್ರ ಕೇಳಿ.

ನೀರಿನ ಲೆಕ್ಕ ಹೇಳಿಬಿಡುತ್ತೇನೆ, ನಮ್ಮ ಕಡೆ ಎಲ್ಲರೂ ಜಿಪುಣರಾಗುವುದು ಇಲ್ಲೇ. ಸಾವಿರ ಚದರಡಿ ಮೇಲೆ ಪಾತಿ ಕಟ್ಟಿ ಒಂದಿಂಚು ನಿಲ್ಲಿಸಲು ಹೆಚ್ಚುಕಮ್ಮಿ 2,400 ಲೀಟರ್ ಬೇಕು, ಆಮೇಲೆ ಆರಿದಷ್ಟು ತುಂಬಿಸಿದರಾಯಿತು. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ 10 ದಿನ ಕನಿಷ್ಠ, ನಮ್ಮ ಬಿಸಿಲಿಗೆ 14 ದಿನ ನಿಲ್ಲಿಸಿ. ಟ್ಯಾಂಕರ್ ದುಡ್ಡು ಉಳಿಸಲು ಹೋಗಿ ಬೆಳಿಗ್ಗೆ ಸಂಜೆ ಪೈಪಿನಲ್ಲಿ ಚಿಮುಕಿಸಿದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ, ಅದು ಕ್ಯೂರಿಂಗ್ ಅಲ್ಲ.

ಮುಂದೆ ಮೇಲಿನ ಮಹಡಿಯ ಮೋಲ್ಡ್ ಹಾಕಿಸುವಾಗ ಸಿಮೆಂಟ್ ಮೂಟೆಗೆ 25 ಲೀಟರ್ ಆಸುಪಾಸಿನಲ್ಲೇ ನೀರು ನಿಲ್ಲಿಸಿ, ಮರಳು ಒದ್ದೆಯಿದ್ದರೆ ಇನ್ನೂ ಕಮ್ಮಿ. ‘ಸ್ವಲ್ಪ ಲೂಸ್ ಮಾಡಣ್ಣ’ ಅಂತ ಮೇಲಿನಿಂದ ಕೂಗು ಬಂದೇ ಬರುತ್ತೆ, ಮಿಲ್ಲರ್ ಪಕ್ಕ ನೀವೇ ನಿಂತಿರಿ. ಕೆಲಸ ಬೆಳಗಿನ ತಂಪಿನಲ್ಲಿ ಶುರುವಾಗಲಿ, ಉಜ್ಜಿ ಮುಗಿದ ಭಾಗಕ್ಕೆ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಊಟಕ್ಕೆ ಇಬ್ಬಿಬ್ಬರಂತೆ ಇಳಿಯಲಿ.

ಹತ್ತನೇ ದಿನ ಗೆರೆ ಪೆನ್ಸಿಲ್ ಗುರುತು ದಾಟಿದ್ದರೆ ಇಲ್ಲೇ ಫೋಟೊ ಹಾಕಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯಿರಿ, ಬರೀ ಬಿರುಕಿನ ಫೋಟೊ ನೋಡಿದರೆ ಅಗಲ ಗೊತ್ತಾಗುವುದಿಲ್ಲ.