ಪಿಸಿಎಂಬಿನಾ, ಪಿಸಿಎಂಸಿನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಈ ಅಂಕಣಕ್ಕೆ ಬೇರೆ ಪ್ರಶ್ನೆಗಳೇ ಬರುವುದಿಲ್ಲ. ಯಾವ ಕಾಂಬಿನೇಷನ್, ಯಾವ ಕಾಲೇಜು, ಎಷ್ಟು ಫೀಸು, ಇಷ್ಟೇ. ಹಾಗಾಗಿ ಈ ಸಲ ಇಡೀ ಪುಟ ಅದಕ್ಕೇ ಬಿಟ್ಟಿದ್ದೇನೆ. ಗೊತ್ತಿಲ್ಲದವರಿಗೆ: ಪಿಸಿಎಂಬಿ ಅಂದರೆ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ. ಪಿಸಿಎಂಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್.

ಮೇಡಂ, ನನ್ನ ಮಗಳಿಗೆ 625ಕ್ಕೆ 571 ಬಂದಿದೆ. ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಬೇಕು ಅಂತಾಳೆ. ಇಲ್ಲಿನ ಕಾಲೇಜಿನಲ್ಲಿ ಪಿಸಿಎಂಸಿ ಭರ್ತಿಯಾಗಿದೆ, ಪಿಸಿಎಂಬಿ ಮಾತ್ರ ಉಳಿದಿದೆಯಂತೆ. ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದದಿದ್ದರೆ ಮುಂದೆ ಸೀಟು ಸಿಗುತ್ತದೆಯೇ? ದಾವಣಗೆರೆ ಹಾಸ್ಟೆಲಿಗೆ ಕಳಿಸಲಾ?
— ಒಬ್ಬ ತಂದೆ, ರಾಣೆಬೆನ್ನೂರು

ಸಿಗುತ್ತದೆ ಸರ್. ಬರೀ ಇದಕ್ಕೋಸ್ಕರ ದಾವಣಗೆರೆಗೆ ಕಳಿಸಬೇಡಿ. ಇಂಜಿನಿಯರಿಂಗ್‌ಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಬರೆಯುವುದು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರರಲ್ಲೇ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಸೀಟು ತೆಗೆದುಕೊಳ್ಳಬಹುದು, ಪ್ರತಿ ವರ್ಷ ತೆಗೆದುಕೊಳ್ಳುತ್ತಲೂ ಇದ್ದಾರೆ. ಈ ತಪ್ಪು ತಿಳಿವಳಿಕೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಒಳ್ಳೊಳ್ಳೆ ಮೇಷ್ಟ್ರುಗಳೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ.

ಸೈನ್ಸ್ ತಗೊಳ್ಳುವವರಿಗೆ ನಾನು ಕೇಳುವುದು ಎರಡೇ ಪ್ರಶ್ನೆ. ಗಣಿತ ಬೇಕಾ, ಬಯಾಲಜಿ ಬೇಕಾ? ಗಣಿತ ಇಲ್ಲದೆ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕೇ ಬರುವುದಿಲ್ಲ. ಬಯಾಲಜಿ ಇಲ್ಲದೆ ಮೆಡಿಕಲ್, ಆಯುರ್ವೇದ, ವೆಟರ್ನರಿ ಕಷ್ಟ (ಆಮೇಲೆ ಬಯಾಲಜಿ ಒಂದನ್ನೇ ಹೆಚ್ಚುವರಿಯಾಗಿ ಪಾಸು ಮಾಡಿಕೊಂಡು ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆ ಬರೆಯಲು ಅವಕಾಶ ಇದೆ, ಆದರೆ ಅದು ಸುತ್ತು ದಾರಿ). ನಾಲ್ಕನೇ ಸಬ್ಜೆಕ್ಟು ಕಂಪ್ಯೂಟರೋ ಎಲೆಕ್ಟ್ರಾನಿಕ್ಸೋ ಅನ್ನುವುದರಿಂದ ಏನೂ ಮುಳುಗಿಹೋಗುವುದಿಲ್ಲ.

ಒಂದೇ ಒಂದು ವಿಷಯ ಮಗಳನ್ನು ಕೇಳಿ ನೋಡಿ. ಬಯಾಲಜಿ ಅಂದರೆ ಅವಳಿಗೆ ಹೇಗನಿಸುತ್ತದೆ? ಚಿತ್ರ ಬಿಡಿಸುವುದು, ಹೆಸರು ನೆನಪಿಡುವುದು, ರೆಕಾರ್ಡ್ ಬರೆಯುವುದು ಎಲ್ಲಾ ಇರುತ್ತದೆ. ಅದು ಕಂಡರೇ ಆಗದ ಹುಡುಗಿಗೆ ಎರಡು ವರ್ಷ ಅದರ ಹೊರೆ ಹೊರಿಸಿದರೆ ಗಣಿತಕ್ಕೆ ಸಮಯ ಉಳಿಯುವುದಿಲ್ಲ. ಹಾಗಿದ್ದರೆ ಮಾತ್ರ ನಿಮ್ಮೂರಲ್ಲೇ ಪಿಸಿಎಂಸಿ ಅಥವಾ ಪಿಸಿಎಂಇ (ನಾಲ್ಕನೆಯದು ಎಲೆಕ್ಟ್ರಾನಿಕ್ಸ್) ಇರುವ ಬೇರೆ ಕಾಲೇಜು ಹುಡುಕಿ.

ಇನ್ನೊಂದು ಲೆಕ್ಕ ಈಗಲೇ ಅವಳಿಗೆ ತೋರಿಸಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಎರಡನೇ ಪಿಯುನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುನಲ್ಲಿ 300ಕ್ಕೆ 270 ತೆಗೆದು ಸಿಇಟಿಯಲ್ಲಿ 180ಕ್ಕೆ 90 ತೆಗೆದವರಿಗೆ ನೂರಕ್ಕೆ ಒಟ್ಟು 70 ಬರುತ್ತದೆ (ಶೇ. 90ರ ಅರ್ಧ 45, ಶೇ. 50ರ ಅರ್ಧ 25). ಪಿಯುನಲ್ಲಿ 240 ಮಾತ್ರ ಬಂದು ಸಿಇಟಿಯಲ್ಲಿ 126 ತೆಗೆದವರಿಗೆ 75. ಊರೆಲ್ಲಾ ಹೊಗಳುವುದು 270 ತೆಗೆದವರನ್ನು, ಮೊದಲು ಸೀಟು ಆರಿಸಿಕೊಳ್ಳುವುದು ಇನ್ನೊಬ್ಬರು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಪಿಯುನಲ್ಲಿ ಸಂಸ್ಕೃತ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಫ್ರೆಂಡ್ಸ್ ಎಲ್ಲಾ ಅದನ್ನೇ ತಗೋತಿದ್ದಾರೆ. ನಾನೂ ತಗೊಳ್ಳಲಾ?
— ವಿದ್ಯಾರ್ಥಿನಿ, ತುಮಕೂರು

ಬರುತ್ತಮ್ಮ, ಜಾಸ್ತಿಯೇ ಬರುತ್ತದೆ. ಆದರೆ ಭಾಷೆಯ ಅಂಕ ಸಿಇಟಿ ರ‍್ಯಾಂಕಿಗೆ ಸೇರುವುದಿಲ್ಲ. ಇಷ್ಟ ಇದ್ದರೆ ತಗೋ, ಪರ್ಸೆಂಟೇಜ್ ಆಸೆಗೆ ಬೇಡ.

ನಮಸ್ತೆ ಮೇಡಂ. ಒಂದರಿಂದ ಹತ್ತನೇ ಕ್ಲಾಸಿನವರೆಗೂ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲೇ, ಕನ್ನಡ ಮೀಡಿಯಂನಲ್ಲಿ ಓದಿದೆ. 68 ಪರ್ಸೆಂಟ್ ಆಗಿದೆ. ನಮಗೆ ನಾಲ್ಕು ಎಕರೆ ಗದ್ದೆ ಇದೆ. ನನಗೆ ಬಿಎಸ್ಸಿ ಅಗ್ರಿ ಓದುವ ಆಸೆ. ನಮ್ಮ ಮಾವ ಮಾತ್ರ, ಇಂಗ್ಲಿಷಲ್ಲಿ ಸೈನ್ಸ್ ಓದೋದು ನಿನ್ನ ಕೈಲಾಗಲ್ಲ, ಸುಮ್ನೆ ಆರ್ಟ್ಸ್ ತಗೋ ಅಂತಾರೆ.
— ವಿದ್ಯಾರ್ಥಿ, ಸಿಂಧನೂರು ತಾಲೂಕು

ಮಾವ ಪ್ರೀತಿಯಿಂದಲೇ ಹೇಳಿರಬಹುದು. ಆದರೂ ಅವರ ಮಾತು ಈ ಸಲ ಬೇಡ. ಆರ್ಟ್ಸ್ ತಗೊಂಡರೆ ಬಿಎಸ್ಸಿ ಅಗ್ರಿ ಆಸೆ ಅಲ್ಲಿಗೇ ಬಿಟ್ಟ ಹಾಗೆ. ಪಿಸಿಎಂಬಿ ತಗೋ.

ಕಷ್ಟ ಆಗುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಮೊದಲ ಮೂರು ತಿಂಗಳು ಮೇಷ್ಟ್ರು ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ವೇಗೋತ್ಕರ್ಷ ಅಂತ ಓದಿದ್ದು ಅಕ್ಸಲರೇಷನ್ ಆಗಿರುತ್ತದೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥಸಿಸ್ ಆಗಿರುತ್ತದೆ. ವಿಷಯ ನಿನಗೆ ಗೊತ್ತಿರುವುದೇ, ಹೆಸರು ಮಾತ್ರ ಹೊಸದು. ಈ ರಜೆಯಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನದ ಇಂಗ್ಲಿಷ್ ಮೀಡಿಯಂ ಪುಸ್ತಕ ಯಾರಿಂದಲಾದರೂ ಇಸ್ಕೋ. ನಿನ್ನ ಕನ್ನಡ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ಪಾಠ ಪಾಠವಾಗಿ ಓದು. ಇದಕ್ಕೆ ಬ್ರಿಡ್ಜ್ ಕೋರ್ಸ್ ಅಂತ ದುಡ್ಡು ಕೊಡುವ ಅಗತ್ಯವಿಲ್ಲ.

ನಿನ್ನ ಹತ್ತಿರ ಏನಿದೆ ಅಂತ ನಿನ್ನ ಮನೆಯಲ್ಲಿ ಯಾರೂ ಲೆಕ್ಕ ಹಾಕಿದಂತೆ ಕಾಣಲಿಲ್ಲ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಮೀಸಲಾತಿ ಇದೆ. ಅಷ್ಟೂ ವರ್ಷ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಶೇ. 5. ನೀನು ರಾಯಚೂರು ಜಿಲ್ಲೆಯವನು, ಹಾಗಾಗಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬೇರೆ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70, ಹೊರಗಿನ ಕಾಲೇಜುಗಳಲ್ಲಿ ಶೇ. 8. ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ. ಅದರ ಮೇಲೆ ಕೃಷಿಕರ ಮಕ್ಕಳಿಗೆ ಅಂತಲೇ ಕೋಟಾ ಇದೆ. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಉಪಕರಣ ಎದುರಿಗಿಟ್ಟು ಇದೇನು ಅಂತ ಕೇಳುತ್ತಾರೆ. ನಾಲ್ಕು ಎಕರೆ ಗದ್ದೆಯಲ್ಲಿ ಬೆಳೆದ ಹುಡುಗನಿಗೆ ಅದನ್ನು ಕೋಚಿಂಗ್ ಸೆಂಟರಿನವರು ಹೇಳಿಕೊಡಬೇಕಾ?

ಆದರೆ ಇದೆಲ್ಲಾ ಸಿಗುವುದು ಕಾಗದ ಸರಿ ಇದ್ದರೆ ಮಾತ್ರ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ ಬರೆಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಮೇಲುರುಜು ಹಾಕಿಸು. 371(ಜೆ) ಅರ್ಹತಾ ಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ. ಜಾತಿ, ಆದಾಯದ್ದು ನಾಡಕಚೇರಿಯಲ್ಲಿ. ಆಧಾರ್, ಟಿಸಿ, ಮಾರ್ಕ್ಸ್ ಕಾರ್ಡು ಮೂರರಲ್ಲೂ ನಿನ್ನ ಹೆಸರಿನ ಇನಿಷಿಯಲ್ ಒಂದೇ ತರ ಇದೆಯಾ ಅಂತ ನೋಡು. ಸಿಇಟಿ ಅರ್ಜಿ ಹೊತ್ತಿಗೆ ಇದಕ್ಕೆ ಓಡಾಡುವವರ ಪಾಡು ಯಾರಿಗೂ ಬೇಡ.

ಮಗನನ್ನು ಜೆಇಇ (ಐಐಟಿಯಂಥ ಕಡೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ), ನೀಟ್ ಎರಡಕ್ಕೂ ತಯಾರು ಮಾಡುವ ಇಂಟಿಗ್ರೇಟೆಡ್ ಕಾಲೇಜಿಗೆ ಸೇರಿಸಬೇಕು ಅಂತಿದ್ದೇವೆ. ಎರಡು ವರ್ಷಕ್ಕೆ ಹಾಸ್ಟೆಲ್ ಸೇರಿ ಐದು ಲಕ್ಷ ಹೇಳುತ್ತಿದ್ದಾರೆ. ಸಾಲ ಮಾಡಿ ಸೇರಿಸಬಹುದಾ?
— ಒಬ್ಬ ತಾಯಿ, ಹಾಸನ

ಸಾಲ ಮಾಡಿ ಅಂದರೆ, ಬೇಡ. ಇದು ನನ್ನ ಅಭಿಪ್ರಾಯ, ಕೋಪ ಬಂದರೆ ಪತ್ರ ಬರೆಯಿರಿ.

ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ನೋಡಿ ಹಣ ಕಟ್ಟಬೇಡಿ ಅಮ್ಮ. ಫ್ಲೆಕ್ಸಿನಲ್ಲಿ ಇಪ್ಪತ್ತು ಮುಖ ಇರುತ್ತದೆ. ಆ ವರ್ಷ ಸೇರಿದವರು ಎಷ್ಟು ಜನ, ಉಳಿದವರಿಗೆ ಏನು ಸಿಕ್ಕಿತು ಅಂತ ಕೇಳಿ ನೋಡಿ, ಕೌಂಟರಿನಲ್ಲಿ ಕೂತವರ ಮುಖ ಬದಲಾಗುತ್ತದೆ. ಮೊದಲು ಒಂದು ಕೆಲಸ ಮಾಡಿ. ಎರಡರಲ್ಲಿ ಯಾವುದು ಅಂತ ಅವನೇ ಹೇಳಲಿ. ನೀಟ್‌ನಲ್ಲಿ 720ರಲ್ಲಿ ಅರ್ಧ ಬಯಾಲಜಿ, ಗಣಿತವೇ ಇಲ್ಲ. ಜೆಇಇಯಲ್ಲಿ ಬಯಾಲಜಿಯೇ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ಎರಡನ್ನೂ ಅರ್ಧಕ್ಕೆ ಬಿಟ್ಟಿದ್ದನ್ನೇ ನೋಡಿದ್ದೇನೆ. ನಮ್ಮ ಪಿಯು ಸೈನ್ಸ್ ಪಾಠಗಳು ಎನ್‌ಸಿಇಆರ್‌ಟಿಯವೇ (ಕೇಂದ್ರದ ಪಠ್ಯ; ನೀಟ್, ಜೆಇಇಗೂ ಅದೇ ಆಧಾರ), ಹಾಗಾಗಿ ಊರಿನ ಒಳ್ಳೆ ಕಾಲೇಜಿನಲ್ಲಿ ಓದಿದರೂ ತಳಪಾಯ ಅದೇ. ಹಾಸ್ಟೆಲಿಗೆ ಕಳಿಸುವುದೇ ಆದರೆ, ಅಲ್ಲಿ ಎರಡನೇ ವರ್ಷ ಓದುತ್ತಿರುವ ಹುಡುಗರ ಹತ್ತಿರ ಅವನನ್ನು ಒಬ್ಬನೇ ಅರ್ಧ ಗಂಟೆ ಮಾತಾಡಲು ಬಿಡಿ.

ಕಾಮರ್ಸ್ ತಗೊಂಡು ಸಿಎ ಮಾಡಬೇಕು ಅಂತಿದ್ದೀನಿ. ಗಣಿತ ನನಗೆ ಆಗಿಬರಲ್ಲ. ಕಾಮರ್ಸಲ್ಲಿ ಅದಿರಲ್ಲ ಅಲ್ವಾ?
— ವಿದ್ಯಾರ್ಥಿ, ಮಡಿಕೇರಿ

ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ತಗೊಂಡರೆ ಪಿಯುನಲ್ಲಿ ಗಣಿತ ಇರುವುದಿಲ್ಲ, ನಿಜ. ಆದರೆ ಸಿಎಗೆ ಮೊದಲ ಹಂತದ ಪರೀಕ್ಷೆಯಾದ ಫೌಂಡೇಷನ್‌ನ ನಾಲ್ಕು ಪೇಪರಿನಲ್ಲಿ ಒಂದು ಪೂರ್ತಿ ಗಣಿತ, ಲಾಜಿಕಲ್ ರೀಸನಿಂಗ್, ಸ್ಟಾಟಿಸ್ಟಿಕ್ಸ್ ಮೇಲೇ ಇದೆ. ಅದರಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಹಾಗಾಗಿ ಇತಿಹಾಸದ ಬದಲು ಸ್ಟಾಟಿಸ್ಟಿಕ್ಸ್ ಇರುವ ಎಸ್‌ಇಬಿಎ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ತಗೋ. ಬೇಸಿಕ್ ಮ್ಯಾಥ್ಸ್ ಸೈನ್ಸಿನವರ ಗಣಿತದಷ್ಟು ಕಷ್ಟ ಅಲ್ಲ, ಬಡ್ಡಿ, ಶೇಕಡ, ಅನುಪಾತ ಇಂಥದ್ದೇ ಜಾಸ್ತಿ. ಫೌಂಡೇಷನ್‌ಗೆ ಹತ್ತನೇ ಕ್ಲಾಸ್ ಆದ ಮೇಲೆ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಎರಡನೇ ಪಿಯು ಆದ ಮೇಲೆ. ಪ್ರತಿ ಪೇಪರಿನಲ್ಲಿ 40, ಒಟ್ಟಾರೆ ಶೇ. 50 ಬರಬೇಕು. ಒಂದೇ ಸಲಕ್ಕೆ ಆಗಲಿಲ್ಲ ಅಂತ ಮನೆಯಲ್ಲಿ ಗಲಾಟೆ ಮಾಡಬಾರದು ಅಂತ ಅಪ್ಪನಿಗೂ ಈ ಪುಟ ತೋರಿಸು.

ನನ್ನ ಮಗನಿಗೆ 52 ಪರ್ಸೆಂಟ್. ಓದು ಅಂದರೆ ಆಗದು, ಮನೆಯ ಮಿಕ್ಸಿ, ಪಂಪ್‌ಸೆಟ್ ಎಲ್ಲಾ ಬಿಚ್ಚಿ ಜೋಡಿಸುತ್ತಾನೆ. ಡಿಪ್ಲೊಮಾಗೆ ಹಾಕಿದರೆ ಜನ ಏನಂತಾರೋ ಅಂತ ಅವರಮ್ಮನಿಗೆ ಚಿಂತೆ.
— ಒಬ್ಬ ತಂದೆ, ಭದ್ರಾವತಿ

ಜೋಡಿಸಿದ ಮೇಲೆ ಮಿಕ್ಸಿ ಓಡುತ್ತಾ? ಓಡಿದರೆ ಧೈರ್ಯವಾಗಿ ಹಾಕಿ.

ವರ್ಷದ ಲೆಕ್ಕ ಅವರಮ್ಮನಿಗೆ ಹೇಳಿ. ಪಿಯು ಎರಡು, ಬಿಇ ನಾಲ್ಕು, ಒಟ್ಟು ಆರು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ, ಇನ್ನು ಮೂರು ವರ್ಷ. ಅದೂ ಆರೇ. ನಡುವೆ ಸಾಕು ಅನಿಸಿದರೆ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಬಹುದು, ಪಿಯು ಮುಗಿಸಿ ನಿಂತವನಿಗೆ ಆ ಅನುಕೂಲ ಇಲ್ಲ. ಸರ್ಕಾರಿ ಪಾಲಿಟೆಕ್ನಿಕ್ ಜೊತೆಗೆ ಸರ್ಕಾರದ್ದೇ ಆದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯನ್ನೂ ವಿಚಾರಿಸಿ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತು ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಗಣಿತ ಮಾತ್ರ ಇಲ್ಲೂ ಬಿಡುವುದಿಲ್ಲ, ಅದನ್ನು ಅವನಿಗೆ ಮೊದಲೇ ಹೇಳಿಬಿಡಿ. ಅರ್ಜಿ ಹಾಕುವ ಮುಂಚೆ ಅವನನ್ನೂ ಕರೆದುಕೊಂಡು ಹೋಗಿ ವರ್ಕ್‌ಶಾಪ್ ನೋಡಿ. ಲೇತ್ ಮೆಷಿನ್ ಮುಂದೆ ನಿಂತು ಅವನೇ ಪ್ರಶ್ನೆ ಕೇಳುವುದಕ್ಕೆ ಶುರು ಮಾಡಿದರೆ, ಅರ್ಜಿ ಅವತ್ತೇ ಹಾಕಿ.